ತಟ್ಟೆಯಲ್ಲಿರುವುದು ಯಾರ ಕೋಶ?

ಪ್ರಾಜೆಕ್ಟ್ ಸಮಯ ಬಂತೆಂದರೆ ಬಯೋಟೆಕ್ನಾಲಜಿ ಓದುವ ಮಕ್ಕಳಿಂದ ನನಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಈ ಪೇಪರ್‌ನಲ್ಲಿ ಚಾಂಗ್ ಲಿವರ್ ಅಂದ್ರೆ ಆರೋಗ್ಯವಂತ ಲಿವರ್ ಕೋಶ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಅದು ಲಿವರ್ರೇ ಅಲ್ಲ, ಗರ್ಭಕಂಠದ ಕ್ಯಾನ್ಸರ್ ಕೋಶ ಅಂತಿದೆ. ಯಾವುದನ್ನ ನಂಬೋದು?" ಎರಡನೆಯದನ್ನು ನಂಬಿ ಎನ್ನುತ್ತೇನೆ. ಕಷ್ಟ ಇರುವುದು ಅದರ ಬೆನ್ನಿಗೇ ಬರುವ ಪ್ರಶ್ನೆಯಲ್ಲಿ. "ಗೊತ್ತಿದ್ದೂ ಇನ್ನೂ ಯಾಕೆ ಹೀಗೇ ಬರೀತಾರೆ?" ಇದಕ್ಕೆ ಉತ್ತರ ಹೇಳಬೇಕಾದರೆ ತುಂಬಾ ಹಿಂದಕ್ಕೆ ಹೋಗಬೇಕು.

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಪುಟ್ಟ ಪುಟ್ಟ ಕೋಣೆಗಳನ್ನು ಕಂಡು ಅವಕ್ಕೆ 'ಸೆಲ್' ಎಂದ. 1838-39ರಲ್ಲಿ ಷ್ಲೈಡನ್ ಮತ್ತು ಶ್ವಾನ್, ಗಿಡವಾಗಲಿ ಪ್ರಾಣಿಯಾಗಲಿ ಎಲ್ಲ ಜೀವಿಗಳೂ ಕೋಶಗಳಿಂದಲೇ ಆಗಿವೆ ಎಂದರು. 1850ರ ದಶಕದಲ್ಲಿ ರೆಮಾಕ್ ಮತ್ತು ವಿರ್ಶೋ ಮೂರನೆಯ ಮಾತು ಸೇರಿಸಿದರು. ಕೋಶ ಹುಟ್ಟುವುದು ಕೋಶದಿಂದಲೇ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮಾತು ಇದು. ಅದರೊಳಗೆ ಇನ್ನೊಂದು ಅರ್ಥವೂ ಇದೆ. ಯಾವ ಕೋಶವನ್ನೇ ತೆಗೆದುಕೊಳ್ಳಿ, ಅದಕ್ಕೊಂದು ತಾಯಿ ಕೋಶ ಇದ್ದೇ ಇರುತ್ತದೆ. ಹಾಗಾಗಿ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಯುವ ಕೋಶಕ್ಕೂ ಒಂದು ವಂಶ ಇದೆ. ಆ ವಂಶ ಯಾವುದು ಎಂಬುದೇ ಇಲ್ಲಿನ ಜಗಳ.

ಕೋಶ ಬೆಳೆಸುವುದು ಹೇಗೆ ಎಂದು ತಿಳಿಯಲು ಮೊಸರನ್ನು ನೆನಪಿಸಿಕೊಳ್ಳಿ. ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತೇವೆ. ನಾಳೆ ಅದರಿಂದ ಇನ್ನೊಂದು ಚಮಚ. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದಿಷ್ಟು ಹೆಪ್ಪು ತರುತ್ತೇವೆ. ಪ್ರಯೋಗಾಲಯದಲ್ಲೂ ಹೀಗೇ. ಗುಲಾಬಿ ಬಣ್ಣದ ಪೋಷಕ ದ್ರಾವಣ, ಅದರಲ್ಲಿ ಕರುವಿನ ಭ್ರೂಣದ ಸೀರಮ್, 37 ಡಿಗ್ರಿ ಶಾಖ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್. ಬಾಟಲಿಯ ತಳಕ್ಕೆ ಅಂಟಿಕೊಂಡು ಕೋಶಗಳು ಹರಡುತ್ತವೆ. ತಳ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ, ಸ್ವಲ್ಪ ಮಾತ್ರ ಹೊಸ ಬಾಟಲಿಗೆ ಹಾಕುತ್ತಾರೆ. ಹೀಗೆ ವರ್ಷಗಟ್ಟಲೆ ನಡೆಯುವ ಸಂತತಿಗೆ 'ಸೆಲ್ ಲೈನ್' ಎನ್ನುತ್ತಾರೆ. ಒಂದು ಲ್ಯಾಬ್‌ನವರು ಇನ್ನೊಂದು ಲ್ಯಾಬ್‌ಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಹೆಪ್ಪು ಮೊದಲು ಯಾರ ಮನೆಯದು ಎಂದು ಯಾರೂ ಕೇಳುವುದಿಲ್ಲ.

1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ನರಕೋಶವನ್ನು ದೇಹದ ಹೊರಗೆ ಬೆಳೆಸಿ ತೋರಿಸಿದ ಮೇಲೆ ಈ ಕೆಲಸ ಶುರುವಾಯಿತು. 1912ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಬೆಳೆಸಲು ಇಟ್ಟರು. ಅವರೂ ಅವರ ಸಹೋದ್ಯೋಗಿಗಳೂ ಅದನ್ನು 34 ವರ್ಷ ಉಳಿಸಿಕೊಂಡರು. ಕೋಶಕ್ಕೆ ಸಾವಿಲ್ಲ, ಸಾಯುವುದು ದೇಹ ಮಾತ್ರ ಎಂದು ಜಗತ್ತು ನಂಬಿತು. ಬೇರೆಯವರು ಬೆಳೆಸಿದ ಸಾಧಾರಣ ಕೋಶಗಳು ಸ್ವಲ್ಪ ಕಾಲಕ್ಕೇ ಸತ್ತಾಗ ಅವರು ತಮ್ಮ ಕೈಗುಣವನ್ನೇ ಅನುಮಾನಿಸಿದರು. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್, ಮನುಷ್ಯನ ಸಾಮಾನ್ಯ ಕೋಶ ಸುಮಾರು 50 ಸಲ ಇಬ್ಭಾಗವಾಗಿ ನಿಂತುಬಿಡುತ್ತದೆ ಎಂದು ತೋರಿಸುವವರೆಗೂ ಈ ನಂಬಿಕೆ ಗಟ್ಟಿಯಾಗಿತ್ತು. ಕ್ಯಾರೆಲ್ ಅವರ ಬಾಟಲಿಗೆ ಆಹಾರವಾಗಿ ಹಾಕುತ್ತಿದ್ದ ಭ್ರೂಣದ ರಸದ ಜೊತೆ ಹೊಸ ಕೋಶಗಳೂ ಸೇರುತ್ತಿದ್ದವು ಎಂಬುದು ಆಮೇಲೆ ಬಂದ ವಿವರಣೆ. ಒಂದು ಪ್ರಯೋಗ ಇನ್ನೊಬ್ಬರ ಕೈಯಲ್ಲಿ ಮರುಕಳಿಸದಿದ್ದರೆ ಮೊದಲು ಪ್ರಶ್ನೆ ಹೋಗಬೇಕಾದದ್ದು ಮೂಲ ಪ್ರಯೋಗದ ಕಡೆಗೆ. ಇಲ್ಲಿ ಹಾಗಾಗಲಿಲ್ಲ. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ ಬಂದರು. ಐದು ಮಕ್ಕಳ ತಾಯಿ. ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆಯ ವೇಳೆ ಗಡ್ಡೆಯ ಚೂರೊಂದನ್ನು ತೆಗೆದು ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಕಳಿಸಿದರು. ಆಕೆಯನ್ನು ಕೇಳಲಿಲ್ಲ. ಅಕ್ಟೋಬರ್ 4ರಂದು ಆಕೆ ತೀರಿಕೊಂಡರು, ಆಗ ವಯಸ್ಸು 31. ಕೋಶಗಳು ಮಾತ್ರ ಸಾಯಲಿಲ್ಲ. ಹೆಸರಿನ ಮೊದಲಕ್ಷರಗಳಿಂದ 'ಹೀಲಾ' ಎಂದು ಕರೆಸಿಕೊಂಡ ಅವು ಮನುಷ್ಯನ ಮೊದಲ ಅಮರ ಸೆಲ್ ಲೈನ್ ಆದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಬೇಕೆಂದು ಅಮೆರಿಕದ ಟಸ್ಕೀಗಿಯಲ್ಲಿ ಅವನ್ನು ರಾಶಿಗಟ್ಟಲೆ ಬೆಳೆಸಿದರು. ಒಪ್ಪಿಗೆಯ ಪ್ರಶ್ನೆಯೇ ಒಂದು ದೊಡ್ಡ ಕಥೆ. ಅದನ್ನು ಬೇರೆಯವರು ಚೆನ್ನಾಗಿ ಹೇಳಿದ್ದಾರೆ, ಇಲ್ಲಿ ಬಿಡುತ್ತೇನೆ.

ಹೀಲಾ ಯಾಕೆ ಸಾಯುವುದಿಲ್ಲ? ಅದರೊಳಗೆ ಎಚ್‌ಪಿವಿ-18 ವೈರಸ್‌ನ ಜೀನ್‌ಗಳು ಸೇರಿಕೊಂಡಿವೆ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಎರಡು ಮುಖ್ಯ ಪ್ರೋಟೀನ್‌ಗಳನ್ನು ಅವು ಕೆಲಸ ಮಾಡಲು ಬಿಡುವುದಿಲ್ಲ. ಪ್ರತಿ ವಿಭಜನೆಯಲ್ಲೂ ಸವೆಯುವ ವರ್ಣತಂತುವಿನ ತುದಿಯನ್ನು ಮತ್ತೆ ಕಟ್ಟುವ ಕಿಣ್ವವೂ ಅದರಲ್ಲಿ ಸದಾ ಕೆಲಸ ಮಾಡುತ್ತಿರುತ್ತದೆ. ನಮ್ಮ ಕೋಶದಲ್ಲಿ 46 ವರ್ಣತಂತು, ಹೀಲಾದಲ್ಲಿ 80ರ ಹತ್ತಿರ. ಸುಮಾರು ಒಂದು ದಿನಕ್ಕೆ ಒಂದು ಎರಡಾಗುತ್ತದೆ. ಈಗ ಲೆಕ್ಕ ಹಾಕಿ. ಬೇರೊಂದು ಕೋಶ ಬೆಳೆಯುತ್ತಿರುವ ಬಾಟಲಿಗೆ ಪಿಪೆಟ್ಟಿನ ತುದಿಯಿಂದ ಒಂದೇ ಒಂದು ಹೀಲಾ ಕೋಶ ಬಿತ್ತು ಅನ್ನಿ. 20 ದಿನಕ್ಕೆ ಅದು 10 ಲಕ್ಷ ದಾಟುತ್ತದೆ. ಮೂರು ದಿನಕ್ಕೊಮ್ಮೆ ಇಬ್ಭಾಗವಾಗುವ ಕೋಶ ಅಷ್ಟೇ ಸಮಯದಲ್ಲಿ ನೂರರ ಆಸುಪಾಸು ಮುಟ್ಟುತ್ತದೆ. ಒಂದೆರಡು ತಿಂಗಳಲ್ಲಿ ಬಾಟಲಿ ತುಂಬ ಹೀಲಾ. ಮೇಲಿನ ಚೀಟಿಯಲ್ಲಿ ಮಾತ್ರ ಹಳೆಯ ಹೆಸರು.

ಮೈಕ್ರೋಸ್ಕೋಪ್‌ನಲ್ಲಿ ಗೊತ್ತಾಗುವುದಿಲ್ಲವಾ ಎಂದು ಕೇಳುತ್ತಾರೆ. ಅಷ್ಟು ಸುಲಭವಿಲ್ಲ. ದೇಹದೊಳಗೆ ಲಿವರ್ ಕೋಶಕ್ಕೂ ಕರುಳಿನ ಕೋಶಕ್ಕೂ ಆಕಾರ ಬೇರೆ. ಬಾಟಲಿಯ ತಳಕ್ಕೆ ಅಂಟಿ ಬೆಳೆಯುವಾಗ ಹಲವು ಕೋಶಗಳು ಒಂದೇ ಥರ ಚಪ್ಪಟೆಯಾಗಿ, ಕಲ್ಲುಹಾಸಿನ ಹಾಗೆ ಹರಡಿಕೊಳ್ಳುತ್ತವೆ.

1950ರ ದಶಕದ ಮಧ್ಯದಲ್ಲಿ ಹೊಸ ಸೆಲ್ ಲೈನ್‌ಗಳ ಸುಗ್ಗಿಯೇ ಬಂತು. 1954ರಲ್ಲಿ ಚಾಂಗ್ ಲಿವರ್. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನಿಂದ ಬಂದದ್ದೆಂದು ಹೆಪ್-2, ಬಾಯಿಯ ಕ್ಯಾನ್ಸರ್‌ನಿಂದ ಬಂದದ್ದೆಂದು ಕೆಬಿ, ಭ್ರೂಣದ ಕರುಳಿನದೆಂದು ಇಂಟೆಸ್ಟೈನ್ 407. ಇವುಗಳಲ್ಲಿ ಕೆಲವನ್ನು ಆರೋಗ್ಯವಂತ ಅಂಗದಿಂದ ತಂದಿದ್ದರೂ ಬಾಟಲಿಯಲ್ಲಿ ಕ್ಯಾನ್ಸರ್ ಕೋಶದ ಹಾಗೆ ಬೆಳೆಯುತ್ತಿದ್ದವು. ಸಾಮಾನ್ಯ ಕೋಶ ತಾನಾಗಿಯೇ ಕ್ಯಾನ್ಸರ್ ಆಗಿ ಬದಲಾಗುತ್ತದೆ ಎಂಬ ವಾದ ಹುಟ್ಟಿತು. ಅದರ ಮೇಲೆ ಪ್ರಯೋಗಗಳು ನಡೆದವು, ಪೇಪರ್‌ಗಳು ಬಂದವು.

1966ರಲ್ಲಿ ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್‌ನಲ್ಲಿ ಕೋಶ ಬೆಳೆಸುವವರ ದೊಡ್ಡ ಸಮ್ಮೇಳನ ಸೇರಿತು. ಅಲ್ಲಿಗೆ ಸಿಯಾಟಲ್‌ನಿಂದ ಸ್ಟ್ಯಾನ್ಲಿ ಗಾರ್ಟ್ಲರ್ ಬಂದರು. ಅವರು ತಳಿವಿಜ್ಞಾನದವರು, ಈ ಗುಂಪಿಗೆ ಹೊರಗಿನವರು. ಜಿ6ಪಿಡಿ ಎಂಬ ಕಿಣ್ವದ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮಲ್ಲೂ ಹುಟ್ಟಿದ ಮಗುವಿಗೆ ಕೆಲವು ಆಸ್ಪತ್ರೆಗಳಲ್ಲಿ ಇದೇ ಕಿಣ್ವದ ಕೊರತೆ ಇದೆಯೇ ಎಂದು ನೋಡುತ್ತಾರೆ. ಈ ಕಿಣ್ವದಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ ಮುಖ್ಯ. ಅಮೆರಿಕದಲ್ಲಿ ಎ ಬಗೆ ಕಾಣುವುದು ಹೆಚ್ಚುಕಡಿಮೆ ಆಫ್ರಿಕಾ ಮೂಲದವರಲ್ಲಿ ಮಾತ್ರ. ಗಾರ್ಟ್ಲರ್ ಬೇರೆ ಬೇರೆ ಮೂಲದ್ದೆಂದು ಹೆಸರಾದ 18 ಸೆಲ್ ಲೈನ್ ತರಿಸಿ ಪರೀಕ್ಷಿಸಿದ್ದರು. ಹದಿನೆಂಟರಲ್ಲೂ ಎ ಬಗೆ. ಬೇರೆ ಬೇರೆ ಊರಿನ, ಬೇರೆ ಬೇರೆ ಜನರಿಂದ ಬಂದ ಕೋಶಗಳು ಎಲ್ಲವೂ ಹೀಗಿರುವುದು ಸಾಧ್ಯವೇ? ಹೀಲಾದ ಬಗೆಯೂ ಎ ಎಂದು ಅವರಿಗೆ ಗೊತ್ತಿತ್ತು. ಹಾಗಾದರೆ ಹೆಸರು ಏನೇ ಇರಲಿ, ಇವೆಲ್ಲ ಹೀಲಾವೇ ಇರಬೇಕು.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟದ ಭಾಗ ಇದು. ವಿಜ್ಞಾನದ ವಿಧಾನ ಎಂದರೆ ಗಮನಿಸು, ಊಹಿಸು, ಪ್ರಯೋಗ ಮಾಡು ಎಂದು ನಾವು ಪಾಠ ಮಾಡುತ್ತೇವೆ. ಗಾರ್ಟ್ಲರ್ ಮಾಡಿದ್ದು ಇದಕ್ಕಿಂತ ಸರಳ. ತಪ್ಪು ಎಂದು ಸಾಬೀತಾಗಬಹುದಾದ ಒಂದು ಮಾತನ್ನು ಹಿಡಿದು ಪರೀಕ್ಷೆಗೆ ಒಡ್ಡಿದರು. ಈ ಕೋಶಗಳು ನಿಜವಾಗಿಯೂ ಬೇರೆ ಬೇರೆಯಾದರೆ ಎ ಮತ್ತು ಬಿ ಎರಡೂ ಬಗೆ ಕಾಣಬೇಕು. ಕಾಣಲಿಲ್ಲ. ಎದುರು ವಾದವೂ ಬಂತು. ಬಾಟಲಿಯಲ್ಲಿ ಬೆಳೆದೂ ಬೆಳೆದೂ ಕಿಣ್ವದ ಬಗೆಯೇ ಬದಲಾಗಿರಬಹುದಲ್ವಾ? ಅದು ನ್ಯಾಯವಾದ ಪ್ರಶ್ನೆ, ಅದನ್ನೂ ಪರೀಕ್ಷಿಸಬಹುದಿತ್ತು. ಮೂಲ ಖಚಿತವಾಗಿ ಗೊತ್ತಿರುವ ಕೋಶಗಳಲ್ಲಿ ಬಿ ಬಗೆ ಎ ಆಗಿ ಬದಲಾದ ಉದಾಹರಣೆ ಸಿಗಲಿಲ್ಲ. ಆದರೆ ಎದುರಿಗೆ ಕುಳಿತವರಲ್ಲಿ ಕೆಲವರು ಹತ್ತು ಹನ್ನೆರಡು ವರ್ಷದ ದುಡಿಮೆಯನ್ನು ಆ ಬಾಟಲಿಗಳ ಮೇಲೆ ಸುರಿದಿದ್ದರು. ಒಂದು ಮಧ್ಯಾಹ್ನದಲ್ಲಿ ಅದು ಕರಗಿಹೋಯಿತು ಎಂದು ಒಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟವೇ. ಅವರನ್ನು ಬೈಯುವ ಮನಸ್ಸು ನನಗಿಲ್ಲ.

ಒಂದೇ ಕಿಣ್ವದ ಸಾಕ್ಷಿ ಸಾಲದು ಎಂದವರಿಗೆ 1970ರ ದಶಕದಲ್ಲಿ ಎರಡನೆಯ ಸಾಕ್ಷಿ ಬಂತು. ಆ ಹೊತ್ತಿಗೆ ವರ್ಣತಂತುಗಳಿಗೆ ಬಣ್ಣ ಹಾಕಿ ಅಡ್ಡಪಟ್ಟಿಗಳನ್ನು ನೋಡುವ ವಿಧಾನ ಬಂದಿತ್ತು. ಹೀಲಾದಲ್ಲಿ ಮುರಿದು, ತಪ್ಪಾಗಿ ಸೇರಿಕೊಂಡ ಕೆಲವು ವರ್ಣತಂತುಗಳಿವೆ. ಮುಖದ ಮೇಲಿನ ಮಚ್ಚೆಯಷ್ಟೇ ಸ್ಪಷ್ಟವಾದ ಗುರುತು ಅವು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ವಾಲ್ಟರ್ ನೆಲ್ಸನ್-ರೀಸ್ ಒಂದು ಕೋಶ ಬ್ಯಾಂಕ್ ನೋಡಿಕೊಳ್ಳುತ್ತಿದ್ದರು. ಬಂದ ಪ್ರತಿ ಬಾಟಲಿಯ ವರ್ಣತಂತುಗಳನ್ನೂ ನೋಡತೊಡಗಿದರು. ಶೀತಲ ಸಮರ ಸ್ವಲ್ಪ ಸಡಿಲವಾಗಿದ್ದ ಕಾಲ. ಸೋವಿಯತ್ ವಿಜ್ಞಾನಿಗಳು ಬೇರೆ ಬೇರೆ ರೋಗಿಗಳದ್ದೆಂದು ಆರು ಕ್ಯಾನ್ಸರ್ ಕೋಶಗಳನ್ನು ಅಮೆರಿಕಕ್ಕೆ ಕೊಟ್ಟಿದ್ದರು. ನೆಲ್ಸನ್-ರೀಸ್ ನೋಡಿದರೆ ಆರೂ ಹೀಲಾ. ಬಾಲ್ಟಿಮೋರ್‌ನ ಕೋಶ ಕಬ್ಬಿಣದ ಪರದೆ ದಾಟಿ ಹೋಗಿ, ಬೇರೆ ಹೆಸರಿನಲ್ಲಿ ವಾಪಸ್ ಬಂದಿತ್ತು.

1974, 1976 ಮತ್ತು 1981ರಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ಪಟ್ಟಿಗಳನ್ನೇ ಪ್ರಕಟಿಸಿದರು. ಯಾವ ಸೆಲ್ ಲೈನ್, ಎಲ್ಲಿಂದ ಬಂದದ್ದು, ನಿಜವಾಗಿ ಏನು. ಹಲವರಿಗೆ ಸಿಟ್ಟು ಬಂತು. ಇದು ಪೊಲೀಸ್ ಕೆಲಸ, ವಿಜ್ಞಾನವಲ್ಲ ಎನ್ನುವ ಧಾಟಿ ಇತ್ತು. 1981ರಲ್ಲಿ ಆ ಪ್ರಯೋಗಾಲಯದ ಹಣ ನಿಂತಿತು, ಅವರು ಸಂಶೋಧನೆಯಿಂದ ದೂರವಾದರು. ಹಣ ನಿಲ್ಲಲು ಏನೇ ಕಾರಣ ಇರಲಿ, ಆ ಕೆಲಸವನ್ನು ಅಷ್ಟೇ ಹಟದಿಂದ ಮುಂದುವರಿಸುವವರು ಬಹಳ ಕಾಲ ಇರಲಿಲ್ಲ. ಈ ನಷ್ಟಕ್ಕೆ ನಾವೆಲ್ಲ ಇನ್ನೂ ಬೆಲೆ ತೆರುತ್ತಿದ್ದೇವೆ ಎಂದೇ ನನಗನ್ನಿಸುತ್ತದೆ.

ಆಮೇಲಿನದ್ದು ಬೇಗ ಹೇಳಬಹುದು. ಅಪರಾಧ ತನಿಖೆಗೆ ಬಳಸುವ ಡಿಎನ್ಎ ಗುರುತಿನ ವಿಧಾನ ಕೋಶಗಳಿಗೂ ಬಂತು. ಎಸ್‌ಟಿಆರ್ ಪರೀಕ್ಷೆ ಅಂತ ಹೆಸರು. 2001ರಲ್ಲಿ ಅದನ್ನು ಎಲ್ಲರಿಗೂ ಮಾನದಂಡವಾಗಿಸಬೇಕೆಂದು ವಿಜ್ಞಾನಿಗಳ ಗುಂಪೊಂದು ಬರೆಯಿತು. 2007ರಲ್ಲಿ ಎಂಡಿಎ-ಎಂಬಿ-435 ಎಂಬ ಹೆಸರಾಂತ ಸ್ತನ ಕ್ಯಾನ್ಸರ್ ಕೋಶ, ಎಂ14 ಎಂಬ ಚರ್ಮದ ಕ್ಯಾನ್ಸರ್ ಕೋಶವೇ ಎಂದು ತಿಳಿಯಿತು. ಅಂದರೆ ಗೊಂದಲ ಹೀಲಾ ಒಂದರದ್ದೇ ಅಲ್ಲ. 2012ರಲ್ಲಿ ತಪ್ಪು ಹೆಸರಿನ ಕೋಶಗಳ ಪಟ್ಟಿ ಇಡಲೆಂದೇ ಅಂತರರಾಷ್ಟ್ರೀಯ ಸಮಿತಿಯೊಂದು ಹುಟ್ಟಿತು. ಅದರ ಪಟ್ಟಿಯಲ್ಲಿ ಈಗ 500ಕ್ಕೂ ಹೆಚ್ಚು ಹೆಸರುಗಳಿವೆ. 2017ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ, ಇಂಥ ಕೋಶಗಳ ಮೇಲೆ ಬರೆದ 32,755 ಪೇಪರ್‌ಗಳು ಸಿಕ್ಕವು. ಅವೆಲ್ಲ ಸುಳ್ಳು ಅಂತಲ್ಲ. ಕೋಶಪೊರೆ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಹೀಲಾ ಕೂಡ ಸರಿಯಾದ ಉತ್ತರ ಕೊಡಬಹುದು. ಲಿವರ್‌ಗೆ ಈ ಔಷಧಿ ವಿಷವೇ ಎಂಬ ಪ್ರಶ್ನೆಗೆ ಕೊಡಲಾರದು.

ಹಾಗಾದರೆ ಯಾಕೆ ನಿಂತಿಲ್ಲ? ನಾನು ಕಂಡ ಪ್ರಯೋಗಾಲಯಗಳಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ದ್ರವ ಸಾರಜನಕದ ಡಬ್ಬಿಯಿಂದ ತೆಗೆದ ಒಂದು ಪುಟ್ಟ ಶೀಶೆಯ ಮೇಲೆ ಬರಹ ಅರ್ಧ ಅಳಿಸಿಹೋಗಿತ್ತು. ಹಿರಿಯರನ್ನು ಕೇಳಿದೆ. ಅವರು ಅದಕ್ಕೂ ಹಿರಿಯರಿಂದ ಪಡೆದಿದ್ದರಂತೆ. ಅದೇ ಇರಬೇಕು ಅಂದುಕೊಂಡು ಆರು ತಿಂಗಳು ಕೆಲಸ ಮಾಡಿದೆ. ಪರೀಕ್ಷೆ ಮಾಡಿಸಬೇಕು ಎಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದು ಏನಾಗಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪರೀಕ್ಷೆಗೆ ದುಡ್ಡು ಬೇಕು, ವಾರಗಳು ಬೇಕು. ಕೋಶ ಸರಿಯಾಗಿದೆ ಎಂದು ತಿಳಿದರೆ ಅದರಿಂದ ಪೇಪರ್ ಆಗುವುದಿಲ್ಲ. ತಪ್ಪು ಎಂದು ತಿಳಿದರೆ ಮಾಡಿದ ಕೆಲಸ ಹೋಗುತ್ತದೆ. ಮೂರು ವರ್ಷದ ಫೆಲೋಶಿಪ್‌ನಲ್ಲಿ ದಿನ ಎಣಿಸುತ್ತಿರುವ ಹುಡುಗಿಗೆ ಎರಡರಲ್ಲೂ ಲಾಭ ಕಾಣುವುದಿಲ್ಲ. ಆ ಖರ್ಚನ್ನು ಪ್ರಾಜೆಕ್ಟ್ ಹಣದಲ್ಲೇ ಮೊದಲು ಎತ್ತಿಡಬೇಕು. ಪಿಪೆಟ್ಟಿಗೆ, ಸೀರಮ್‌ಗೆ ಎತ್ತಿಡುವುದಿಲ್ವಾ, ಹಾಗೇ.

ಈಗ ನನ್ನನ್ನು ಕೇಳುವ ಮಕ್ಕಳಿಗೆ ಮೂರು ಕೆಲಸ ಹೇಳುತ್ತೇನೆ. ಕೋಶದ ಹೆಸರನ್ನು ಮೊದಲು ತಪ್ಪು ಹೆಸರಿನ ಕೋಶಗಳ ಆ ಪಟ್ಟಿಯಲ್ಲಿ ಹುಡುಕಿ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಕೋಶ ಬ್ಯಾಂಕಿನಿಂದಲೇ ತರಿಸಿ, ಪಕ್ಕದ ಲ್ಯಾಬ್‌ನಿಂದ ಬೇಡ. ಬಂದ ಮೊದಲ ದಿನಗಳಲ್ಲೇ ಒಂದಿಷ್ಟು ಶೀಶೆ ಹೆಪ್ಪುಗಟ್ಟಿಸಿ ಇಟ್ಟು, ಎಸ್‌ಟಿಆರ್ ಪರೀಕ್ಷೆಗೆ ಕಳಿಸಿ.

ಮೊನ್ನೆ ಒಬ್ಬಳು ತನ್ನ ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟ್ ತಂದು ತೋರಿಸಿದಳು. ಕೀಲು ನೋವಿಗೆಂದು ಡಾಕ್ಟರ್ ಎಎನ್ಎ ಪರೀಕ್ಷೆ ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ 'ಹೆಪ್-2 ಕೋಶಗಳ ಮೇಲೆ' ಎಂದಿತ್ತು. "ಸರ್, ಇದೂ ಆ ಪಟ್ಟಿಯಲ್ಲಿದೆ ಅಲ್ವಾ? ರಿಪೋರ್ಟ್ ತಪ್ಪಾ?" ತಪ್ಪಲ್ಲಮ್ಮ ಎಂದೆ. ಅಮ್ಮನ ರಕ್ತದಲ್ಲಿ ಕೋಶಕೇಂದ್ರಕ್ಕೆ ಅಂಟುವ ಪ್ರತಿಕಾಯ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಅದಕ್ಕೆ ಬೇಕಾದದ್ದು ಮನುಷ್ಯನ ಒಂದು ದೊಡ್ಡ, ಸ್ಪಷ್ಟವಾದ ಕೋಶಕೇಂದ್ರ. ಧ್ವನಿಪೆಟ್ಟಿಗೆಯದಾದರೇನು, ಗರ್ಭಕಂಠದ್ದಾದರೇನು. ಅವಳು ರಿಪೋರ್ಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ, ಆ ಬಾಲ್ಟಿಮೋರ್‌ನ ಹೆಂಗಸಿನ ಹೆಸರೇನು ಎಂದು ಮತ್ತೊಮ್ಮೆ ಕೇಳಿ ಬರೆದುಕೊಂಡಳು.