ಅಕ್ಕಿ ಹಕ್ಕಿಯಾಗುವುದೇಕೆ?

ಮಂಡ್ಯ, ಮೈಸೂರು ಕಡೆಯ ಹಳ್ಳಿಮಾತಿನಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’. ಶಾಲೆಯಲ್ಲಿ ಮೇಷ್ಟ್ರು ತಿದ್ದಿದ ಮೇಲೆ ಮಗು ಎಚ್ಚರದಿಂದ ಹಕಾರ ಸೇರಿಸತೊಡಗುತ್ತದೆ. ಆಗ ಕೆಲವೊಮ್ಮೆ ಆನೆ ‘ಹಾನೆ’, ಅಕ್ಕಿ ‘ಹಕ್ಕಿ’ ಆಗುವುದುಂಟು. ನಗುವವರು ನಗುತ್ತಾರೆ. ಆದರೆ ಸೋತದ್ದು ನಾಲಿಗೆಯಲ್ಲ. ‘ಹ’ ತನಗೆ ಬರುತ್ತದೆಂದು ಮಗುವೇ ತೋರಿಸಿಕೊಟ್ಟಿತಲ್ಲ! ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಮಾತಿನ ನಡುವೆ ಆರಿಸುವುದೇ ಕಷ್ಟ.

ಈ ಆರಿಸುವ, ತಡೆಯುವ ಶಕ್ತಿಯನ್ನು ಮನೋವಿಜ್ಞಾನಿಗಳು ಅರಿವಿನ ನಿಯಂತ್ರಣ ಎನ್ನುತ್ತಾರೆ. ಮನೆಮಾತು, ಶಾಲೆಯ ಕನ್ನಡ, ಅದರ ಮೇಲೊಂದು ಇಂಗ್ಲಿಷ್: ಒಂದನ್ನು ಆಡುವಾಗ ಉಳಿದವು ಮಲಗಿರುವುದಿಲ್ಲ. ಅವನ್ನು ಹತ್ತಿಕ್ಕಿಯೇ ಬೇಕಾದ್ದನ್ನು ಹೊರಡಿಸುತ್ತೇವೆ ಎಂಬ ಮಾದರಿಯನ್ನು ಡೇವಿಡ್ ಗ್ರೀನ್ 1998ರಲ್ಲಿ ಮಂಡಿಸಿದರು. ಮರುವರ್ಷ ಮ್ಯೂಟರ್ ಮತ್ತು ಆಲ್‌ಪೋರ್ಟ್, ದ್ವಿಭಾಷಿಗಳಿಂದ ಅಂಕಿಗಳನ್ನು ಭಾಷೆ ಬದಲಿಸುತ್ತ ಹೇಳಿಸಿದರು. ಚೆನ್ನಾಗಿ ಬರುವ ಭಾಷೆಗೆ ಮರಳುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು! ಬಲವಾಗಿ ಅದುಮಿಟ್ಟದ್ದು ಮೇಲೇಳುವುದೂ ನಿಧಾನ ಎಂಬುದು ಅವರ ವಿವರಣೆ.

ಮಕ್ಕಳಲ್ಲಿ ಈ ತಡೆ ಇನ್ನೂ ಎಳೆಯದು. ಸೂರ್ಯನ ಚಿತ್ರ ಕಂಡರೆ ‘ರಾತ್ರಿ’, ಚಂದ್ರನದ್ದಕ್ಕೆ ‘ಹಗಲು’ ಎನ್ನಬೇಕಾದ ಪರೀಕ್ಷೆಯೊಂದಿದೆ. ನಾಲ್ಕರ ಆಸುಪಾಸಿನವರು ಅದರಲ್ಲಿ ಆಗಾಗ ಎಡವುತ್ತಾರೆ, ಏಳರ ಹೊತ್ತಿಗೆ ಬಹಳ ಸುಧಾರಿಸಿರುತ್ತಾರೆ. ಪದಗಳ ಪಟ್ಟಿ ಓದುವಾಗ ‘ಎಗ್’ ಎಂದ ಹುಡುಗಿ ಕತೆ ಹೇಳುವ ಭರದಲ್ಲಿ ‘ಯೆಗ್’ ಎಂದರೆ ಅಚ್ಚರಿಯೇನಿಲ್ಲ. ಗಮನವೆಲ್ಲ ಕತೆಯ ಮೇಲಿದೆ. ಕನ್ನಡದ ರೂಢಿ ಸಂದಿ ನೋಡಿ ನುಗ್ಗಿದೆ.

ಹಾಗಂತ ಎಲ್ಲವನ್ನೂ ಈ ಲೆಕ್ಕಕ್ಕೇ ಬರೆಯುವಂತಿಲ್ಲ. ಕಿವಿಗೇ ಕೇಳಿಸದ ವ್ಯತ್ಯಾಸವನ್ನು ಯಾವ ನಿಯಂತ್ರಣವೂ ನುಡಿಸಲಾರದು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ-ಟ ಭೇದವನ್ನು ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಆ ಸಾಮರ್ಥ್ಯ ಕಳೆದುಕೊಂಡಿರುತ್ತವೆ ಎಂದು ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದ್ದರು. ನಮ್ಮ ಮಕ್ಕಳಿಗೆ ತ-ಟ ನೀರು ಕುಡಿದಷ್ಟು ಸುಲಭ. ತೊಡಕಾಗುವುದು ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’. ಕನ್ನಡದಲ್ಲಿ ಎರಡಕ್ಕೂ ಒಂದೇ ವಕಾರ. ಇಲ್ಲಿ ಮೊದಲು ಬೇಕಾದದ್ದು ತಿದ್ದುವಿಕೆಯಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆಮತ್ತೆ ಕೇಳಿಸುವುದು.

ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಇದರ ತಿರುಗುಮುರುಗು. ಓದುತ್ತಿರುವ ಮಗುವನ್ನು ಪದಪದಕ್ಕೂ ನಿಲ್ಲಿಸುತ್ತೇವೆ. ಆತಂಕವೂ ಗಮನವನ್ನೇ ತಿನ್ನುತ್ತದೆ, ಹಳೆಯ ರೂಢಿಯನ್ನು ತಡೆಯಲು ಬೇಕಾದದ್ದೂ ಅದೇ ಗಮನ. ಹೀಗಾಗಿ ಗದರಿಸಿದ ಮರುಕ್ಷಣವೇ ಅದೇ ತಪ್ಪು ಮತ್ತೆ ಬಂದರೆ ಅದು ಮೊಂಡುತನವಾಗಿರಬೇಕಿಲ್ಲ.