ಅವರೆ ಬಳ್ಳಿ ಚಪ್ಪರ ತುಂಬಿದೆ, ಹೂವು ಯಾಕೆ ಬಿಡುತ್ತಿಲ್ಲ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಗೆಳತಿ ಕೊಟ್ಟ ಅವರೆ ಬೀಜವನ್ನು ಮೇ ಕೊನೆಯಲ್ಲಿ ಹಿತ್ತಲಿನಲ್ಲಿ ಹಾಕಿದೆವು. ಬಳ್ಳಿ ಹತ್ತು ಅಡಿ ದಾಟಿ ಬೇಲಿಯ ಆಚೆಗೂ ಇಳಿದಿದೆ. ಆಗಸ್ಟ್ ಮುಗಿಯುತ್ತ ಬಂತು, ಒಂದೇ ಒಂದು ಹೂವಿಲ್ಲ. ಗೊಬ್ಬರ ಸಾಲದೇ? ಇಷ್ಟು ಚಳಿ ಇರುವ ಕಡೆ ಅವರೆ ಆಗುವುದೇ ಇಲ್ಲವೇ?

ಗೊಬ್ಬರ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೂವು ಬಾರದ ಗಿಡ ಕಂಡರೆ ಎಲ್ಲರ ಕೈಯೂ ಗೊಬ್ಬರದ ಚೀಲಕ್ಕೇ ಹೋಗುತ್ತದೆ. ಅವರೆ ತನ್ನ ಬೇರಿನ ಗಂಟುಗಳಲ್ಲೇ ಸಾರಜನಕ ಕಟ್ಟಿಕೊಳ್ಳುವ ಗಿಡ. ಮೇಲಿಂದ ಇನ್ನಷ್ಟು ಕೊಟ್ಟರೆ ಎಲೆ ಇನ್ನೂ ಅಗಲವಾಗುತ್ತದೆ, ಅಷ್ಟೇ. ನಿಮ್ಮ ಬಳ್ಳಿಗೆ ರೋಗವಿಲ್ಲ, ಹಸಿವಿಲ್ಲ. ಅದು ರಾತ್ರಿ ಉದ್ದವಾಗಲಿ ಎಂದು ಕಾಯುತ್ತಿದೆ.

ಊರಿನ ಲೆಕ್ಕ ನೆನಪಿಸಿಕೊಳ್ಳಿ. ಹಳೇ ಮೈಸೂರಿನ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ನಡುನಡುವೆ, ಅವರೆ ಬಿತ್ತುವುದು ಮುಂಗಾರಿನಲ್ಲಿ, ಜುಲೈ–ಆಗಸ್ಟ್ ಹೊತ್ತಿಗೆ. ಮಳೆಗಾಲವಿಡೀ ಅದು ಎಲೆ ಬಿಡುತ್ತ ಇರುತ್ತದೆ. ಹೂವು ಬರುವುದು ಹಗಲು ಮೊಟಕಾದ ಮೇಲೆ. ಕಾಯಿ ತುಂಬಿ ಸೊಗಡು ಏರುವುದು ಧನುರ್ಮಾಸದ ಇಬ್ಬನಿಯಲ್ಲಿ. ನೂರಾರು ವರ್ಷ ನಮ್ಮ ರೈತರು ಬೀಜ ಎತ್ತಿಟ್ಟುಕೊಂಡು ಬಂದ ಅವರೆ ಈ ಲೆಕ್ಕಕ್ಕೇ ಒಗ್ಗಿಕೊಂಡಿದೆ. ಹಗಲು ಚಿಕ್ಕದಾಗದೆ ಅದು ಹೂವಿನ ಯೋಚನೆಯನ್ನೇ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 22 ನಿಮಿಷ. ನಡುವಿನ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಮಿನಿಯಾಪೊಲಿಸ್ ಇರುವುದು 45ನೇ ಅಕ್ಷಾಂಶದ ಮೇಲೆ. ಜೂನ್ 21ರಂದು ಇಲ್ಲಿ ಸೂರ್ಯ ಹದಿನೈದೂವರೆ ಗಂಟೆಗೂ ಹೆಚ್ಚು ಹೊತ್ತು ಮುಳುಗುವುದಿಲ್ಲ. ಬೆಂಗಳೂರಿನ ಅತಿ ಉದ್ದದ ಹಗಲಿನ ಮಟ್ಟಕ್ಕೆ ಇಲ್ಲಿನ ಹಗಲು ಇಳಿಯುವುದೇ ಸೆಪ್ಟೆಂಬರ್ ಮೊದಲ ವಾರ ಕಳೆದ ಮೇಲೆ! ಅಂದರೆ ನೀವು ನನಗೆ ಬರೆದ ಹೊತ್ತಿಗೆ ನಿಮ್ಮ ಬಳ್ಳಿ ಊರಿನ ಬೇಸಿಗೆಗಿಂತ ಉದ್ದದ ಹಗಲಿನಲ್ಲಿ ನಿಂತಿದೆ. ಅದರ ಪಾಲಿಗೆ ಮುಂಗಾರು ಇನ್ನೂ ಶುರುವೇ ಆಗಿಲ್ಲ.

ಆಮೇಲೆ ಸೆಪ್ಟೆಂಬರ್ ನಡುವಿನಲ್ಲಿ ಅದಕ್ಕೆ ಎಚ್ಚರವಾಗುತ್ತದೆ, ಮೊಗ್ಗು ಕಟ್ಟುತ್ತದೆ. ಅಷ್ಟರಲ್ಲಿ ಮೊದಲ ಫ್ರಾಸ್ಟ್, ಅಂದರೆ ರಾತ್ರಿ ಎಲೆಯ ಮೇಲೆ ಹಿಮ ಕಟ್ಟಿಸುವ ಚಳಿ, ಬಾಗಿಲಿಗೆ ಬಂದಿರುತ್ತದೆ. ನಗರದೊಳಗಾದರೆ ಅಕ್ಟೋಬರ್ ಮೊದಲ ವಾರಗಳು, ಹೊರವಲಯದ ತಗ್ಗು ಜಾಗಗಳಲ್ಲಿ ಒಮ್ಮೊಮ್ಮೆ ಸೆಪ್ಟೆಂಬರ್ ಕೊನೆಗೇ.

ಈ ಊರಿಗೆ ಬಂದ ಎರಡನೇ ವರ್ಷ ನನಗೂ ಹೀಗೇ ಆಯಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಕಾಫಿ ಹಿಡಿದು ಹಿತ್ತಿಲ ಬಾಗಿಲು ತೆಗೆದರೆ ಚಪ್ಪರಕ್ಕೆ ಚಪ್ಪರವೇ ಜೋತುಬಿದ್ದಿತ್ತು. ಹಿಂದಿನ ದಿನ ಅಂಗೈಯಗಲ ಇದ್ದ ಹಸಿರೆಲೆ ಬಿಸಿನೀರಿನಲ್ಲಿ ಅದ್ದಿ ತೆಗೆದ ಸೊಪ್ಪಿನ ಹಾಗೆ ಕಪ್ಪಾಗಿ ಮೆತ್ತಗಾಗಿತ್ತು. ಆ ಎಲೆಗಳ ನಡುವೆ ಒಂದು ಹೂಗೊಂಚಲು, ಕೆಳಗಿನ ಎರಡೇ ಎರಡು ಹೂವು ಅರಳಿದ್ದು, ಮೇಲಿನ ಮೊಗ್ಗುಗಳು ಇನ್ನೂ ಮುಚ್ಚಿದ್ದು. ಐದು ತಿಂಗಳು ಸಾಕಿದ ಗಿಡ ಅದು. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ.

ಗಿಡ ಹಗಲು ರಾತ್ರಿಯ ಲೆಕ್ಕ ಇಡುತ್ತದೆ ಎಂಬುದು ಜಗತ್ತಿಗೆ ಗೊತ್ತಾಗಿದ್ದೂ ಇಂಥದೇ ಒಂದು ಹೂ ಬಿಡದ ಗಿಡದಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಬಳಿ ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿ ಇತ್ತು. ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂವು ಮಾತ್ರ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹೂವು ಬಿಡುತ್ತಿತ್ತು. ನೀರು, ಗೊಬ್ಬರ, ಉಷ್ಣತೆ ಯಾವುದರಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ. 1918ರ ಬೇಸಿಗೆಯಲ್ಲಿ ಅವರು ಕುಂಡಗಳನ್ನು ದಿನವೂ ಸಂಜೆಗೆ ಮುಂಚೆಯೇ ಕತ್ತಲ ಗೂಡಿನೊಳಗೆ ಇಟ್ಟು ಬೆಳಿಗ್ಗೆ ಹೊರಗೆ ತೆಗೆಯತೊಡಗಿದರು. ಕತ್ತಲು ಕಂಡ ಗಿಡಗಳು ನಡುಬೇಸಿಗೆಯಲ್ಲೇ ಹೂವು ಬಿಟ್ಟವು. 1920ರಲ್ಲಿ ಅದನ್ನು ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂದು ಮುಂದೆ ತಿಳಿಯಿತು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಾಕು, ಉದ್ದದ ರಾತ್ರಿ ಗಿಡದ ಲೆಕ್ಕದಲ್ಲಿ ಎರಡು ತುಂಡಾಗುತ್ತದೆ.

ಇದು ನಮ್ಮವರಿಗೆ ಹೊಸ ವಿಷಯವೇನಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಸಾಲು ಸಾಲಾಗಿ ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಸೇವಂತಿಗೆ ತೋಟ. ಸೇವಂತಿಗೆಯೂ ಅವರೆಯ ಹಾಗೆ ಉದ್ದದ ರಾತ್ರಿಗೆ ಹೂ ಬಿಡುವ ಗಿಡ. ಎಳೆಯದರಲ್ಲೇ ಹೂ ಬಂದುಬಿಟ್ಟರೆ ಇಳುವರಿ ಇಲ್ಲ, ಅದಕ್ಕೇ ರೈತರು ಬೆಳಕು ಕೊಟ್ಟು ಅದನ್ನು ತಡೆಯುತ್ತಾರೆ. ನಮಗೆ ಬೇಕಾಗಿರುವುದು ಅದೇ ಉಪಾಯ, ತಿರುಗಿಸಿಕೊಂಡು: ಕತ್ತಲು ಕೊಟ್ಟು ಹೂವನ್ನು ಬೇಗ ಕರೆಯುವುದು.

ಅಂದ ಹಾಗೆ, ನಿಮ್ಮ ಕೊತ್ತಂಬರಿ ಜೂನ್‌ನಲ್ಲೇ ಕಡ್ಡಿಯಾಗಿ ಹೂವು ಬಿಟ್ಟಿರಬೇಕಲ್ಲವೇ? ಪಾಲಕ್ ಕೂಡ? ಅವುಗಳ ಸ್ವಭಾವ ಅವರೆಗೆ ತದ್ವಿರುದ್ಧ. ಉದ್ದದ ಹಗಲು ಕಂಡರೆ ಸೊಪ್ಪು ಸಾಕು, ಇನ್ನು ಬೀಜ ಮಾಡೋಣ ಎನ್ನುತ್ತವೆ, ಬಿಸಿಲ ಧಗೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಅವುಗಳನ್ನು ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಬಿತ್ತಿಕೊಳ್ಳಿ. ಪುಂಡಿ ಸೊಪ್ಪಿಗೆ ಮಾತ್ರ ಈ ಊರು ವರ. ಅದೂ ಅವರೆಯಂತೆ ರಾತ್ರಿಗೆ ಕಾಯುವ ಗಿಡ, ನಮಗೆ ಬೇಕಾದದ್ದು ಎಲೆ, ಹಾಗಾಗಿ ಹೂವಿಲ್ಲದೆ ಬೇಸಿಗೆಯಿಡೀ ಕೊಯ್ದಷ್ಟೂ ಕೊಡುತ್ತದೆ.

ಚಳಿ ದೇಶದಲ್ಲಿ ಅವರೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುತ್ತದೆ. ನಾನು ಬೆಳೆದು ತಿಂದಿದ್ದೇನೆ. ಅದಕ್ಕೆ ದಾರಿ ಎರಡು, ಒಂದು ಬೀಜದ್ದು, ಇನ್ನೊಂದು ಕತ್ತಲಿನದು.

ಬೀಜದ ದಾರಿ ಸುಲಭ. ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳದ ತಳಿಗಳನ್ನು ನಮ್ಮ ಬೆಂಗಳೂರಿನಲ್ಲೇ ಮಾಡಿದ್ದಾರೆ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಮತ್ತು ಹೆಬ್ಬಾಳ ಅವರೆ–4 ಕಾಳಿಗೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕಾಯಿಪಲ್ಯಕ್ಕೆ, ನಾವು ಚಪ್ಪರದವರೆ ಬಳಸುವ ಹಾಗೆ. ಇವು ಬಳ್ಳಿಯಾಗಿ ಹರಿಯುವುದಿಲ್ಲ, ಮೊಣಕಾಲೆತ್ತರದ ಮೋಟು ಗಿಡಗಳು. ಬೆಂಗಳೂರಿನಲ್ಲಿ ವರ್ಷದ ಯಾವ ತಿಂಗಳಲ್ಲೂ ಅವರೆಕಾಯಿ ಸಿಗುವಂತಾದದ್ದು ಇಂಥ ತಳಿಗಳಿಂದಲೇ. ನಿಮ್ಮಲ್ಲಿ ಬೀಜ ಮಾರುವವರ ಹತ್ತಿರ ಈ ಹೆಸರುಗಳು ಸಿಗದಿದ್ದರೆ ಮೋಟು ಗಿಡ, ವರ್ಷವಿಡೀ ಬಿತ್ತಬಹುದು ಎಂದು ಬರೆದಿರುವುದನ್ನು ಹುಡುಕಿ. ಉದ್ದ ಬಳ್ಳಿಯ ಬೀಜವನ್ನು ಎಷ್ಟೇ ಹೊಗಳಿ ಕೊಟ್ಟರೂ ಬೇಡ. ನಾಟಿ ಅವರೆಯ ಸೊಗಡಿಗೆ ಇವುಗಳ ಸೊಗಡು ಸಮವಲ್ಲ ಎನ್ನುವವರಿದ್ದಾರೆ, ನನ್ನ ನಾಲಿಗೆಯೂ ಅದನ್ನೇ ಹೇಳುತ್ತದೆ. ಆದರೂ ಫ್ರೀಜರಿನಿಂದ ತೆಗೆದ ಕಾಳಿಗೆ ಇದನ್ನು ಹೋಲಿಸುವುದೇ ಬೇಡ.

ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬೀಜ ಹಾಕಿಕೊಂಡು ಬರುವ ಆಸೆ ಮಾತ್ರ ಬೇಡ. ಬಿತ್ತುವ ಬೀಜಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟು ತಂದರೆ ದಂಡವೂ ಬೀಳಬಹುದು. ಈ ನಿಯಮದ ಬಗ್ಗೆ ನನಗೆ ಬೇಸರವಿಲ್ಲ. ಅವರೆಕಾಳಿನ ಡಬ್ಬದಲ್ಲಿ ಹುಳು ಎಲ್ಲಿಂದ ಬಂತು ಎಂದು ಬೆರಗಾದವರಿಗೆ ಬೀಜದೊಳಗೆ ಏನೇನು ಕೂತು ಬರಬಹುದು ಎಂದು ವಿವರಿಸಬೇಕಾಗಿಲ್ಲ.

ಇನ್ನು ಕತ್ತಲಿನ ದಾರಿ. ಇದಕ್ಕೆ ಶ್ರಮ ಬೇಕು, ಆದರೆ ನಾಟಿ ಬೀಜವೇ ಬೇಕು ಎನ್ನುವವರಿಗೆ ಬೇರೆ ಉಪಾಯವಿಲ್ಲ. ನಾನು ಮೂರು ವರ್ಷದಿಂದ ಎರಡು ದೊಡ್ಡ ಕುಂಡಗಳಲ್ಲಿ ಮಾಡುತ್ತಿದ್ದೇನೆ. ಏಪ್ರಿಲ್ ಕೊನೆಗೆ ಮನೆಯೊಳಗೆ ಬೀಜ ಹಾಕುತ್ತೇನೆ, ಮಣ್ಣಿನಲ್ಲೇ ಕರಗುವ ಚಿಕ್ಕ ಕುಂಡಗಳಲ್ಲಿ, ಯಾಕೆಂದರೆ ಬೇರು ಕದಲಿದರೆ ಅವರೆ ಮುನಿಸಿಕೊಳ್ಳುತ್ತದೆ. ಮೇ ಕೊನೆಗೆ, ರಾತ್ರಿಯ ಚಳಿ ಹೋದ ಮೇಲೆ ಹೊರಗೆ. ಅದಕ್ಕೂ ಮುಂಚೆ ಒಂದು ವಾರ ದಿನಕ್ಕೆ ಒಂದಿಷ್ಟು ಹೊತ್ತು ಹೊರಗಿಟ್ಟು ಬಿಸಿಲು ಗಾಳಿಗೆ ಅಭ್ಯಾಸ ಮಾಡಿಸಬೇಕು. ಬಳ್ಳಿ ನಾಲ್ಕಡಿ ಆಗುತ್ತಲೇ ಕುಡಿ ಚಿವುಟಿ ಅಗಲವಾಗಿ ಬೆಳೆಸುತ್ತೇನೆ. ಜುಲೈ ಮೊದಲ ವಾರದಿಂದ ದಿನವೂ ಸಂಜೆ ಐದಕ್ಕೆ ಕುಂಡ ಗರಾಜಿನೊಳಗೆ, ಬೆಳಿಗ್ಗೆ ಎಂಟಕ್ಕೆ ಹೊರಗೆ. ಕುಂಡಕ್ಕೆ ಚಕ್ರದ ಮಣೆ ಇಲ್ಲದಿದ್ದರೆ ಬೆನ್ನು ಹಿಡಿದುಕೊಳ್ಳುತ್ತದೆ. ಮೊದಲು ರಟ್ಟಿನ ಪೆಟ್ಟಿಗೆ ಮುಚ್ಚಿ ನೋಡಿದ್ದೆ, ಜುಲೈ ಬಿಸಿಲಿಗೆ ಒಳಗೆ ಬೆಂದು ಕುಡಿಗಳು ಬಾಡಿದವು. ಗರಾಜೇ ವಾಸಿ, ಕಿಟಕಿ ಇದ್ದರೆ ಕಪ್ಪು ಬಟ್ಟೆ ಕಟ್ಟಿ. ಹೂವು ಅರಳಿ ಪುಟ್ಟ ಕಾಯಿ ಕಾಣುವವರೆಗೂ ಒಂದು ದಿನವೂ ತಪ್ಪಿಸಬೇಡಿ.

ಮೊದಲ ವರ್ಷ ಒಂದು ಕುಂಡಕ್ಕೆ ಮಾತ್ರ ಹೀಗೆ ಮಾಡಿ ಇನ್ನೊಂದನ್ನು ಹೊರಗೇ ಬಿಟ್ಟಿದ್ದೆ, ನಿಜವೋ ಸುಳ್ಳೋ ನೋಡೋಣ ಎಂದು. ನಾಲ್ಕನೇ ವಾರ ಕತ್ತಲು ಕಂಡ ಗಿಡದ ಎಲೆಯ ಕಂಕುಳಲ್ಲಿ ಅಕ್ಕಿಕಾಳಿನಷ್ಟು ಮೊಗ್ಗುಗಳು. ಪಕ್ಕದ ಗಿಡದಲ್ಲಿ ಬರೀ ಎಲೆ. ಸೆಪ್ಟೆಂಬರಿನಲ್ಲಿ ಕಾಯಿ ಕಿತ್ತು ಸುಲಿದಾಗ ಬೆರಳಿಗೆ ಎಣ್ಣೆಯಂತೆ ಅಂಟಿದ ಸೊಗಡನ್ನು ತೊಳೆಯಲು ಮನಸ್ಸಾಗಲಿಲ್ಲ. ಕಾಳು ಸಿಕ್ಕಿದ್ದು ಎರಡು ಬೊಗಸೆ. ನೆನೆಹಾಕಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದೊಂದನ್ನೇ ಹಿತುಕಿ ಬೇಳೆ ತೆಗೆದೆವು. ಸಿಪ್ಪೆಯಿಂದ ಬೇಳೆ ಪುಟಕ್ಕನೆ ಚಿಮ್ಮಿ ಗೋಡೆಗೆ ಬಡಿದಾಗ ಇಲ್ಲೇ ಹುಟ್ಟಿದ ನನ್ನ ಮಗಳು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಆ ರಾತ್ರಿ ನಾಲ್ಕು ಜನಕ್ಕೆ ಹಿತಕಬೇಳೆ ಸಾರು, ಮುದ್ದೆ.

ಒಂದು ಎಚ್ಚರಿಕೆ. ಇಲ್ಲಿನ ನರ್ಸರಿಗಳಲ್ಲಿ ನೇರಳೆ ಹೂವು, ನೇರಳೆ ಕಾಯಿಯ ಅವರೆ ಬಳ್ಳಿಯನ್ನು ಅಲಂಕಾರಕ್ಕೆಂದು ಮಾರುತ್ತಾರೆ. ವರ್ಜೀನಿಯಾದಲ್ಲಿ ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರ ಮಾಂಟಿಸೆಲ್ಲೊ ತೋಟದ ಚಪ್ಪರದಲ್ಲೂ ಅದನ್ನೇ ಹಬ್ಬಿಸಿದ್ದಾರೆ. ಅದು ನಮ್ಮ ಅವರೆಯ ಜಾತಿಯದೇ, ಉತ್ತರದಲ್ಲೂ ಬೇಸಿಗೆಯಲ್ಲೇ ಹೂವು ಬಿಡುತ್ತದೆ. ಎಳೆಗಾಯಿಯನ್ನು ಬೇಯಿಸಿ ಪಲ್ಯ ಮಾಡಬಹುದು. ಬಲಿತು ಒಣಗಿದ ಕಾಳಿನಲ್ಲಿ ಸಯನೈಡ್ ಬಿಡುವ ವಿಷಾಂಶ ಇರುತ್ತದೆ, ಅದನ್ನು ಹಸಿಯಾಗಿ ಬಾಯಿಗೆ ಹಾಕಲೇಬಾರದು. ನೆನೆಸಿದ ನೀರನ್ನೂ ಮೊದಲು ಕುದಿಸಿದ ನೀರನ್ನೂ ಚೆಲ್ಲಿ, ಮತ್ತೆ ಚೆನ್ನಾಗಿ ಬೇಯಿಸಬೇಕು. ನಮ್ಮ ಅಜ್ಜಿಯರು ಒಣ ಅವರೆಕಾಳು ನೆನೆಸಿದ ನೀರನ್ನು ಚೆಲ್ಲುತ್ತಿದ್ದದ್ದು ಸುಮ್ಮನೆ ಅಲ್ಲ. ಬಿತ್ತನೆಯ ಪೊಟ್ಟಣದ ಬೀಜಕ್ಕೆ ಔಷಧ ಲೇಪಿಸಿರಬಹುದು, ಅದನ್ನಂತೂ ತಿನ್ನಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಈಗ ನಿಮ್ಮ ಬಳ್ಳಿಯ ವಿಷಯ. ಹತ್ತಡಿ ಬಳ್ಳಿಯನ್ನು ಗರಾಜಿಗೆ ಎಳೆಯಲು ಆಗುವುದಿಲ್ಲ, ಹಾಗಂತ ಕೀಳಬೇಡಿ. ಅದರ ಹತ್ತಿರ ಪೋರ್ಚ್ ಲೈಟೋ ಗರಾಜಿನ ಲೈಟೋ ರಾತ್ರಿಯಿಡೀ ಉರಿಯುತ್ತಿದ್ದರೆ ಇವತ್ತಿನಿಂದಲೇ ಆರಿಸಿ. ನನ್ನ ಚಪ್ಪರದಲ್ಲಿ ದೀಪದ ಮಗ್ಗುಲಿನ ಕವಲುಗಳು ಮೊಗ್ಗು ಬಿಡುವುದರಲ್ಲಿ ಸದಾ ಹಿಂದೆ ಬೀಳುತ್ತಿದ್ದವು, ಕಾರಣ ಹೊಳೆಯಲು ವರ್ಷಗಳೇ ಹಿಡಿದವು. ಬೇಲಿಯಾಚೆ ಇಳಿದ ಕುಡಿಗಳನ್ನು ಕತ್ತರಿಸಿ. ಹಳೆಯ ಬೆಡ್‌ಶೀಟುಗಳನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಫ್ರಾಸ್ಟ್ ಮುನ್ಸೂಚನೆ ಬಂದ ಸಂಜೆ ಬಳ್ಳಿಯ ಮೇಲೆ ಹೊದಿಸಿ, ಅಂಚು ನೆಲ ಮುಟ್ಟಬೇಕು, ಆಗಲೇ ನೆಲದ ಬೆಚ್ಚಗಿನ ಉಸಿರು ಒಳಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಎಲೆ ಸುಡುತ್ತದೆ. ಇಲ್ಲಿ ಮೊದಲ ಫ್ರಾಸ್ಟ್ ಒಂದೆರಡು ರಾತ್ರಿ ಹೆದರಿಸಿ ಹೋದ ಮೇಲೆ ಎಷ್ಟೋ ವರ್ಷ ಹತ್ತು ಹದಿನೈದು ದಿನ ಎಳೆಬಿಸಿಲು ಇರುತ್ತದೆ. ಆ ದಿನಗಳು ಸಿಕ್ಕರೆ ಕಾಳು ತುಂಬದಿದ್ದರೂ ಒಂದು ಪಲ್ಯಕ್ಕಾಗುವಷ್ಟು ಎಳೆಗಾಯಿ ಸಿಗಬಹುದು.

ಸೆಪ್ಟೆಂಬರ್ ಹತ್ತರ ನಂತರ ದಿನವೂ ಬೆಳಿಗ್ಗೆ ಎಲೆತೊಟ್ಟು ಬಳ್ಳಿಗೆ ಸೇರುವ ಸಂದಿಯನ್ನು ನೋಡುತ್ತಿರಿ. ಎಲೆಯ ಮೊಗ್ಗು ಚಪ್ಪಟೆಯಾಗಿ ಮಡಿಸಿಕೊಂಡಿರುತ್ತದೆ. ಹೂವಿನದು ನೆಟ್ಟಗೆ ಮೇಲಕ್ಕೆ ಏಳುವ ಕಡ್ಡಿ, ಅದರ ಮೈತುಂಬ ಅಕ್ಕಿಕಾಳಿನಂಥ ಗುಂಡು ಗುಂಡು. ಕಂಡ ದಿನ ನನಗೊಂದು ಸಾಲು ಬರೆಯಿರಿ.