ನಾಚ್: ಮೈ ತಾಗಿದರಷ್ಟೇ ಕೇಳುವ ಮಾತು

ಇಂಗ್ಲಿಷಿನಲ್ಲಿ ನಾಚ್ ಎಂದರೆ ಕಚ್ಚು. ಹತ್ತುವಾಗ ಕಾಲಿಡಲು ತೆಂಗಿನ ಮರದಲ್ಲಿ ಕಡಿಯುತ್ತಾರಲ್ಲ, ಅಂಥದ್ದು. ಈ ಹೆಸರು ಬಂದದ್ದು ಒಂದು ಪುಟ್ಟ ನೊಣದ ರೆಕ್ಕೆಯಿಂದ. ಈಗ ಜೀವಕೋಶಗಳು ಪಕ್ಕದ ಕೋಶಗಳ ಜೊತೆ ನಡೆಸುವ ಒಂದು ಬಗೆಯ ಮಾತುಕತೆಗೆ ನಾಚ್ ಸಿಗ್ನಲಿಂಗ್ ಎನ್ನುತ್ತಾರೆ.

ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಹಣ್ಣುನೊಣ ಎಲ್ಲರಿಗೂ ಗೊತ್ತು. ನೂರು ವರ್ಷಗಳ ಹಿಂದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಮತ್ತು ಅವರ ಸಂಗಡಿಗರು ಈ ನೊಣಗಳನ್ನು ಹಾಲಿನ ಬಾಟಲಿಗಳಲ್ಲಿ ಸಾಕುತ್ತಿದ್ದರು. ರೆಕ್ಕೆಯ ತುದಿಯಲ್ಲಿ ಕಚ್ಚು ಇದ್ದ ನೊಣಗಳ ಬಗ್ಗೆ 1914ರಲ್ಲಿ ಜಾನ್ ಡೆಕ್ಸ್ಟರ್ ಬರೆದರು. ಅಂಥ ನೊಣಗಳೆಲ್ಲ ಹೆಣ್ಣೇ. ಯಾಕೆಂದರೆ ಕೆಟ್ಟಾಗ ಈ ಕಚ್ಚು ತರುವ ನಾಚ್ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಅದರ ಎರಡು ಪ್ರತಿ ಇರುತ್ತವೆ, ಒಂದು ಕೆಟ್ಟರೆ ರೆಕ್ಕೆಯಲ್ಲಿ ಕಚ್ಚು ಬಿದ್ದು ಜೀವ ಉಳಿಯುತ್ತದೆ. ಗಂಡಿಗೆ ಇರುವುದು ಒಂದೇ ಪ್ರತಿ. ಅದು ಕೆಟ್ಟರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ.

ಹಾಗೆ ಸತ್ತ ಭ್ರೂಣಗಳನ್ನು 1930ರ ದಶಕದ ಕೊನೆಯ ಹೊತ್ತಿಗೆ ಡೊನಾಲ್ಡ್ ಪೌಲ್ಸನ್ ಹತ್ತಿರದಿಂದ ನೋಡಿದರು. ಚರ್ಮ ಆಗಬೇಕಿದ್ದ ಜಾಗದಲ್ಲೂ ನರಕೋಶಗಳೇ ತುಂಬಿಕೊಂಡಿದ್ದವು! ಅಂದರೆ ನಾಚ್ ಕೆಲಸ ಮಾಡುವಾಗ ಕೆಲವು ಕೋಶಗಳಿಗೆ ‘ನೀನು ನರ ಆಗಬೇಡ’ ಎಂಬ ಸೂಚನೆ ಹೋಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ಒಂದೇ ಥರದ ಹತ್ತಾರು ಕೋಶಗಳು ಒಟ್ಟಿಗೆ ಕೂತಿರುತ್ತವೆ. ಅವುಗಳಲ್ಲಿ ಒಂದು ಸ್ವಲ್ಪ ಮುಂದಾಗುತ್ತದೆ, ಸುತ್ತಲಿನವನ್ನು ತಡೆಯುತ್ತದೆ. ತಡೆಸಿಕೊಂಡವು ತಿರುಗಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಹೀಗಾಗಿ ಮೊದಲಲ್ಲಿದ್ದ ಚೂರು ವ್ಯತ್ಯಾಸ ದೊಡ್ಡದಾಗುತ್ತಾ ಹೋಗುತ್ತದೆ. ನೊಣದ ಬೆನ್ನಿನ ಕೂದಲುಗಳು ನಾಟಿ ಮಾಡಿದ ಪೈರಿನಂತೆ ಅಂತರ ಬಿಟ್ಟು ನಿಂತಿರುವುದು ಇದರಿಂದಲೇ. ನಮ್ಮ ಒಳಕಿವಿಯಲ್ಲಿ ಶಬ್ದ ಹಿಡಿಯುವ ಕೋಶಗಳು ಒಂದಕ್ಕೊಂದು ಅಂಟದೆ, ನಡುವೆ ಆಸರೆಯ ಕೋಶಗಳನ್ನು ಇಟ್ಟುಕೊಂಡು ಕೂತಿರುವುದೂ ಇದರಿಂದಲೇ.

ಈ ಸೂಚನೆ ದಾಟುವ ರೀತಿಯೇ ಬೇರೆ. ಇನ್ಸುಲಿನ್‌ನಂಥ ಹಾರ್ಮೋನ್ ರಕ್ತದಲ್ಲಿ ಹರಿದು ಎಲ್ಲಿಗೋ ಮುಟ್ಟುತ್ತದೆ. ನಾಚ್‌ಗೆ ಮೈಗೆ ಮೈ ತಾಗಲೇಬೇಕು. ನಾಚ್ ಒಂದು ಉದ್ದನೆಯ ಪ್ರೋಟೀನ್. ಒಂದು ಭಾಗ ಕೋಶದ ಹೊರಗೆ, ಇನ್ನೊಂದು ಒಳಗೆ. ಪಕ್ಕದ ಕೋಶದ ಮೇಲಿರುವ ಡೆಲ್ಟಾ ಅಥವಾ ಜ್ಯಾಗ್ಡ್ ಎಂಬ ಪ್ರೋಟೀನ್ ಅದನ್ನು ಹಿಡಿದು ಎಳೆಯುತ್ತದೆ. ಹೌದು, ನಿಜವಾಗಿಯೂ ಜಗ್ಗುತ್ತದೆ. ಜಗ್ಗಿದಾಗ ಮಡಚಿಕೊಂಡಿದ್ದ ಭಾಗ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಒಂದು ಕಿಣ್ವ ಕತ್ತರಿಸುತ್ತದೆ. ಆಮೇಲೆ ಗಾಮಾ ಸಿಕ್ರಿಟೇಸ್ ಎಂಬ ಇನ್ನೊಂದು ಕಿಣ್ವ ಕೋಶದ ಪೊರೆಯೊಳಗೇ ಮತ್ತೊಂದು ಸಲ ಕತ್ತರಿಸುತ್ತದೆ. ಒಳಗಿನ ತುಂಡು ಬಿಡಿಸಿಕೊಂಡು ನೇರವಾಗಿ ನ್ಯೂಕ್ಲಿಯಸ್‌ಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನಡುವೆ ದಲ್ಲಾಳಿಗಳಿಲ್ಲ. ಒಮ್ಮೆ ಕತ್ತರಿಸಿದ ನಾಚ್ ಮತ್ತೆ ಬಳಕೆಗೆ ಬರುವುದಿಲ್ಲ.

ಸೂಚನೆ ಒಂದೇ ಆದರೂ ಅರ್ಥ ಒಂದೇ ಅಲ್ಲ. ಕೇಳಿಸಿಕೊಳ್ಳುವ ಕೋಶ ಯಾವುದು ಎಂಬುದರ ಮೇಲೆ ಅದು ಬದಲಾಗುತ್ತದೆ. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಅದು ಎಳೆಯ ರಕ್ತಕೋಶಕ್ಕೆ ‘ಟಿ ಕೋಶ ಆಗು’, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶ ಆಗು, ಎನ್ನುತ್ತದೆ. ಚರ್ಮದಲ್ಲಿ ‘ಹೆಚ್ಚಿದ್ದು ಸಾಕು, ಇನ್ನು ಬಲಿತುಕೋ’ ಎನ್ನುತ್ತದೆ. ಭ್ರೂಣದಲ್ಲಿ ಬೆನ್ನುಮೂಳೆಯ ತುಂಡುಗಳು ಒಂದಾದ ಮೇಲೊಂದು ಮೂಡುವ ತಾಳದಲ್ಲೂ ನಾಚ್ ಸೇರಿದೆ. ಇಲಿಯಲ್ಲಿ ಆ ತಾಳ ಸುಮಾರು 2 ಗಂಟೆಗೊಮ್ಮೆ, ಮನುಷ್ಯರಲ್ಲಿ ಸುಮಾರು 5 ಗಂಟೆಗೊಮ್ಮೆ. ಜ್ಯಾಗ್ಡ್ 1 ಜೀನ್ ಕೆಟ್ಟರೆ ಮಕ್ಕಳಿಗೆ ಅಲಾಜಿಲ್ ಸಿಂಡ್ರೋಮ್ ಬರುತ್ತದೆ. ಪಿತ್ತನಾಳ, ಹೃದಯ, ಬೆನ್ನುಮೂಳೆ ಮೂರರಲ್ಲೂ ತೊಂದರೆ ಕಾಣಿಸಬಹುದು.

ಈಗ ಕ್ಯಾನ್ಸರ್. ನಾಚ್ ಕ್ಯಾನ್ಸರ್ ತರುತ್ತದೆಯೇ, ತಡೆಯುತ್ತದೆಯೇ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಅಂಗದಲ್ಲಿ ಎಂದು ಕೇಳಬೇಕು.

ಟಿ ಕೋಶಗಳ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್ ಮಕ್ಕಳಲ್ಲೂ ದೊಡ್ಡವರಲ್ಲೂ ಬರುತ್ತದೆ. ಈ ರೋಗದ ಅರ್ಧಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ನಾಚ್ 1 ಜೀನ್ ಬದಲಾಗಿರುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಅಲ್ಲಿ ಆಗುವುದು ಎರಡು ಬಗೆ. ಒಂದು, ಮಡಿಕೆಯ ಕೊಂಡಿ ಸಡಿಲವಾಗಿ, ಯಾರೂ ಜಗ್ಗದಿದ್ದರೂ ನಾಚ್ ತಾನಾಗಿ ತುಂಡಾಗುತ್ತದೆ. ಇನ್ನೊಂದು, ಒಳಗೆ ಹೋದ ತುಂಡು ಬೇಗ ಕರಗಬೇಕಾದದ್ದು ಕರಗದೆ ಉಳಿಯುತ್ತದೆ. ಕೋಶಕ್ಕೆ ಬಿಡುವಿಲ್ಲದೆ ಸೂಚನೆ ಬರುತ್ತಲೇ ಇರುತ್ತದೆ, ಅದು ಹೆಚ್ಚುತ್ತಲೇ ಹೋಗುತ್ತದೆ.

ಬಾಯಿಯ ಒಳಪದರದಲ್ಲಿ ಇದು ತಿರುಗುಮುರುಗು. ತಲೆ ಮತ್ತು ಕತ್ತಿನ ಕ್ಯಾನ್ಸರುಗಳಲ್ಲಿ ನಾಚ್ 1 ಹಲವು ಸಲ ಕೆಟ್ಟು ನಿಂತಿರುತ್ತದೆ ಎಂದು 2011ರಲ್ಲಿ ತಿಳಿಯಿತು. ತಂಬಾಕು ಅಗಿಯುವ ನಮ್ಮ ದೇಶದಲ್ಲಿ ಕೆನ್ನೆ ಮತ್ತು ಒಸಡಿನ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂಬುದು ಗೊತ್ತೇ ಇದೆ. ಭಾರತದ ವಿಜ್ಞಾನಿಗಳು ಅಂಥ ಗಡ್ಡೆಗಳನ್ನು ಪರೀಕ್ಷಿಸಿ 2013ರಲ್ಲಿ ಕೊಟ್ಟ ಜೀನ್‌ಗಳ ಪಟ್ಟಿಯಲ್ಲೂ ನಾಚ್ 1 ಇತ್ತು.

ಹಾಗಾದರೆ ಲ್ಯುಕೇಮಿಯಾದಲ್ಲಿ ನಾಚನ್ನು ಔಷಧ ಕೊಟ್ಟು ನಿಲ್ಲಿಸಬಹುದು ಅಲ್ವಾ? ಪ್ರಯತ್ನಿಸಿದ್ದಾರೆ. ಗಾಮಾ ಸಿಕ್ರಿಟೇಸನ್ನು ತಡೆದರೆ ಕೊನೆಯ ಕತ್ತರಿ ಬೀಳುವುದಿಲ್ಲ. ಆದರೆ ಕರುಳಿಗೂ ನಾಚ್ ಬೇಕು. ಅದು ನಿಂತರೆ ಅಲ್ಲಿ ಲೋಳೆ ಸುರಿಸುವ ಕೋಶಗಳೇ ತುಂಬಿಕೊಂಡು ಭೇದಿ ಹತ್ತುತ್ತದೆ. ಇದೇ ಕಿಣ್ವವನ್ನು ತಡೆಯುವ ಔಷಧವೊಂದನ್ನು ಆಲ್‌ಝೈಮರ್ ರೋಗಕ್ಕೆಂದು ಪರೀಕ್ಷಿಸಿದ್ದರು. ಆ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ನೆನಪು ಸುಧಾರಿಸಲಿಲ್ಲ, ಚರ್ಮದ ಕ್ಯಾನ್ಸರ್ ಮಾತ್ರ ಹೆಚ್ಚಾಗಿತ್ತು. ಕೊನೆಗೆ 2023ರಲ್ಲಿ ನಿರೋಗಸೆಸ್ಟಾಟ್ ಎಂಬ ಇದೇ ಬಗೆಯ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಡೆಸ್ಮಾಯ್ಡ್ ಎಂಬ ಅಪರೂಪದ ಗಡ್ಡೆಗೆ. ನಾಚ್ ಕೆಟ್ಟು ನಿಂತುಹೋದ ಬಾಯಿ ಕ್ಯಾನ್ಸರಿಗೆ ಇಂಥ ಮಾತ್ರೆ ಹೊಂದುವುದಿಲ್ಲ. ಅಲ್ಲಿ ನಿಂತ ಮಾತನ್ನು ಮತ್ತೆ ಶುರು ಮಾಡಿಸಬೇಕು, ಅದು ಇನ್ನೂ ಕಷ್ಟದ ಕೆಲಸ.